ಯವನ: ಮಿಲಿಂದ ಎಲ್ಲಿಯವನು?

ಭಾರತದ ವಾಯವ್ಯ ಭಾಗವನ್ನು ಆಳಿದ, ಬೌದ್ಧ ಗ್ರಂಥದಿಂದ ಹೆಸರಾದ ದೊರೆ ಮಿಲಿಂದನ ಕುರಿತ ಬರಹಗಳಲ್ಲಿ ‘ಗ್ರೀಸಿನಿಂದ ಬಂದ ಯವನ ದೊರೆ’ ಎಂಬ ಮಾತನ್ನು ಇನ್ನೆಷ್ಟು ಸಲ ಓದಬೇಕೋ! ಕೆಲವರಿಗಂತೂ ಯವನ ಎಂದರೆ ಮುಸಲ್ಮಾನ. ಮಿಲಿಂದ ಆಳಿದ್ದು ಕ್ರಿ.ಪೂ. 2ನೇ ಶತಮಾನದಲ್ಲಿ, ಇಸ್ಲಾಂ ಹುಟ್ಟಲು ಆಗಿನ್ನೂ ಏಳುನೂರಕ್ಕೂ ಹೆಚ್ಚು ವರ್ಷಗಳಿದ್ದವು. ಆ ಅರ್ಥ ಮಧ್ಯಯುಗದ ಶಾಸನ, ಕಾವ್ಯಗಳಲ್ಲಿ ಸೇರಿಕೊಂಡದ್ದು.

ಪದದ ಬೇರು ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಅಯೋನಿಯದಲ್ಲಿದೆ. ಅಲ್ಲಿನ ಗ್ರೀಕರನ್ನು ಆಳಿದ ಪರ್ಷಿಯನ್ನರು ಅವರನ್ನು ‘ಯೌನ’ ಎಂದರು. ಬರಬರುತ್ತ ಗ್ರೀಕರೆಲ್ಲರಿಗೂ ಅದೇ ಹೆಸರಾಯಿತು. ಸಂಸ್ಕೃತದಲ್ಲಿ ಅದು ಯವನ, ಪಾಳಿಯಲ್ಲಿ ಯೋನ, ಯೋನಕ. ವ್ಯಾಕರಣಕಾರ ಪಾಣಿನಿಯ ‘ಯವನಾನೀ’ ರೂಪಕ್ಕೆ ಅವನ ವಾರ್ತಿಕಕಾರ ಕಾತ್ಯಾಯನ ಯವನರ ಲಿಪಿ ಎಂಬ ಅರ್ಥ ಕೊಡುತ್ತಾನೆ. ತಮಿಳು ಸಂಗಂ ಕಾವ್ಯಗಳ ಯವನರಲ್ಲಿ ರೋಮಿನ ಕಡೆಯ ವರ್ತಕರೂ ಸೇರಿದ್ದಾರೆ. (ಸಂಸ್ಕೃತದ ‘ಯವನಿಕಾ’, ನಮ್ಮ ಜವನಿಕೆ, ಅಂದರೆ ರಂಗದ ಪರದೆಯೂ ಗ್ರೀಕ್ ರಂಗಭೂಮಿಯ ಕೊಡುಗೆ ಎನ್ನುವವರು, ಪ್ರಾಚೀನ ಗ್ರೀಕ್ ರಂಗದಲ್ಲಿ ಮುಂಪರದೆಯೇ ಇರಲಿಲ್ಲ ಎಂಬುದನ್ನು ಮರೆಯುತ್ತಾರೆ.)

ಹಾಗಾದರೆ ಮಿಲಿಂದ? ಗ್ರೀಕ್ ಮೂಲದವನು ನಿಜ, ಹೆಸರು ಮೆನಾಂಡರ್. ಆದರೆ ಗ್ರೀಸಿನವನಲ್ಲ. ಅವನ ಪ್ರಶ್ನೆಗಳಿಗೆ ಭಿಕ್ಷು ನಾಗಸೇನ ಕೊಟ್ಟ ಉತ್ತರಗಳ ಪಾಳಿ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಅವನೇ ನಾಗಸೇನನಿಗೆ ತನ್ನ ಊರು ಹೇಳುತ್ತಾನೆ: ಅಲಸಂದದ ಕಲಸಿ ಗ್ರಾಮ. ಈ ಅಲಸಂದ ಕಾಬೂಲಿನ ಉತ್ತರಕ್ಕೆ ಅಲೆಗ್ಸಾಂಡರ್ ಕಟ್ಟಿದ ಅಲೆಗ್ಸಾಂಡ್ರಿಯ ಎಂಬುದು ಹಲವು ವಿದ್ವಾಂಸರ ಮತ. ರಾಜಧಾನಿ ಸಾಗಲ, ಅಂದರೆ ಪಂಜಾಬಿನ ಸಿಯಾಲ್‌ಕೋಟ್. ಅವನ ಬೆಳ್ಳಿ ನಾಣ್ಯದ ಒಂದು ಮಗ್ಗುಲಲ್ಲಿ ಗ್ರೀಕ್, ಇನ್ನೊಂದರಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ: ‘ಮಹಾರಾಜಸ ತ್ರಾತರಸ ಮೆನಂದ್ರಸ’. ಪ್ರಜೆಗಳ ಲಿಪಿಯಲ್ಲಿ ನಾಣ್ಯ ಹೊಡೆಸಿದವನನ್ನು ಪರದೇಶಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ನಾಣ್ಯಗಳು ಕ್ರಿ.ಶ. 1ನೇ ಶತಮಾನದಲ್ಲೂ ಭರೂಚ್ ಬಂದರಿನಲ್ಲಿ ಚಲಾವಣೆಯಲ್ಲಿದ್ದವು.

ಅವನು ಅಲೆಗ್ಸಾಂಡರನಿಗಿಂತ ಹೆಚ್ಚು ಜನಾಂಗಗಳನ್ನು ಗೆದ್ದನೆಂಬ ಮಾತು ಗ್ರೀಕ್ ಭೂಗೋಳಕಾರ ಸ್ಟ್ರಾಬೋನಲ್ಲಿದೆ. ವ್ಯಾಕರಣಕಾರ ಪತಂಜಲಿ ಮಾತ್ರ ‘ಅರುಣದ್ ಯವನಃ ಸಾಕೇತಮ್’, ಯವನ ಸಾಕೇತವನ್ನು (ಅಯೋಧ್ಯೆಯನ್ನು) ಮುತ್ತಿದ, ಎಂದಷ್ಟೇ ಹೇಳುತ್ತಾನೆ; ಯಾವ ಯವನ ಎಂದು ಹೇಳುವುದಿಲ್ಲ. ಅಲ್ಲಿ ಮೆನಾಂಡರನ ಹೆಸರು ತುಂಬಿದವರು ಆಮೇಲಿನವರು.

ಮಿಲಿಂದ ಬೌದ್ಧನಾದದ್ದಕ್ಕೆ ಮುಖ್ಯ ಆಧಾರ ಪಾಳಿ ಗ್ರಂಥವೇ. ಕೆಲವು ತಾಮ್ರದ ನಾಣ್ಯಗಳಲ್ಲಿ ಎಂಟು ಅರಗಳ ಚಕ್ರವಿದೆ, ಅದನ್ನು ಬೌದ್ಧರ ಧರ್ಮಚಕ್ರ ಎನ್ನುವವರಿದ್ದಾರೆ. ಆದರೆ ಬೆಳ್ಳಿಯವುಗಳಲ್ಲಿ ಗ್ರೀಕರ ಅಥೀನಾ ದೇವಿಯೇ ನಿಂತಿದ್ದಾಳೆ. ಮಗನಿಗೆ ರಾಜ್ಯ ಒಪ್ಪಿಸಿ ಭಿಕ್ಷುವಾಗಿ ಮುಕ್ತಿ ಪಡೆದು ಅರ್ಹಂತನಾದ ಎನ್ನುತ್ತದೆ ಪಾಳಿ ಗ್ರಂಥ. ದಂಡಿನ ಪಾಳೆಯದಲ್ಲಿ ಸತ್ತ, ಊರುಗಳು ಚಿತಾಭಸ್ಮಕ್ಕಾಗಿ ಕಿತ್ತಾಡಿ ಕೊನೆಗೆ ಹಂಚಿಕೊಂಡು ಸ್ಮಾರಕ ಕಟ್ಟಿದವು ಎನ್ನುತ್ತಾನೆ ಗ್ರೀಕ್ ಲೇಖಕ ಪ್ಲುಟಾರ್ಕ್. ಎರಡನ್ನೂ ಹೊಸೆದು ‘ಭಿಕ್ಷುವಾದ ಯವನ ದೊರೆ ರಣರಂಗದಲ್ಲಿ ಮಡಿದ’ ಎಂದು ಬರೆಯುವವರು ದಯವಿಟ್ಟು ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ.