ಟಿಪ್ಪು ಸೀರಿಯಲ್: ಕತ್ತಿ ನೆನಪಿದೆ, ಆ ಎರಡು ಸಾಲು ಮರೆತೋಯ್ತು

ಪರೀಕ್ಷೆಲಿ ದೂರದರ್ಶನದ ಹಳೇ ಸೀರಿಯಲ್ ಬಗ್ಗೆ ಬರೀರಿ ಅಂದ ತಕ್ಷಣ ಎಲ್ರೂ ರಾಮಾಯಣ, ಮಹಾಭಾರತ ಅಂತ ಶುರು ಹಚ್ಕೋತಾರೆ, ನಮ್ಮ ಶ್ರೀರಂಗಪಟ್ಟಣದ್ದೇ ಕಥೆ ಇರೋ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಆಮೇಲೆ ಯಾರಾದ್ರೂ ಹೇಳಿದ್ರೆ ಹೇಳಿದ್ರು. 1990ರಲ್ಲಿ ಶುರುವಾಗಿದ್ದು, ಟಿಪ್ಪು ಪಾತ್ರ ಮಾಡಿದ್ದು ಸಂಜಯ್ ಖಾನ್, ಡೈರೆಕ್ಟ್ ಮಾಡಿದ್ದು ಅವನೂ ಅವನ ತಮ್ಮ ಅಕ್ಬರ್ ಖಾನೂ. ಮೈಸೂರಿನ ರಾಜ ಹಿಂದಿಲಿ ಮಾತಾಡ್ತಾ ಇದ್ದ, ಅದು ಬೇರೆ ವಿಷಯ ಬಿಡಿ.

ನಾವು ಗಮನಿಸ್ಬೇಕಾಗಿರೋದು ಎಪಿಸೋಡ್ ಜೊತೆ ಬರ್ತಿದ್ದ ಡಿಸ್ಕ್ಲೇಮರ್, ಅಂದ್ರೆ ಇದು ನಿಜವಾದ ಇತಿಹಾಸ ಅಲ್ಲ ಅಂತ ಹೇಳೋ ಎರಡು ಸಾಲು. ಈ ಸೀರಿಯಲ್‌ಗೆ ಆಧಾರ ಭಗವಾನ್ ಗಿದ್ವಾನಿ 1976ರಲ್ಲಿ ಬರೆದ ಕಾದಂಬರಿ, ಇತಿಹಾಸದ ಪುಸ್ತಕ ಅಲ್ಲ. ಟಿಪ್ಪುನ ತೀರಾ ಒಳ್ಳೆಯವನಾಗಿ ತೋರಿಸ್ತಿದಾರೆ, ಮಲಬಾರಲ್ಲಿ, ಅಂದ್ರೆ ಈಗಿನ ಉತ್ತರ ಕೇರಳದಲ್ಲಿ, ಅವನ ದಂಡಯಾತ್ರೆ ಟೈಮಲ್ಲಿ ನಡೆದ ಹಿಂಸೆನ ಮುಚ್ಚಿಡ್ತಿದಾರೆ ಅಂತ ವಿರೋಧ ಎದ್ದು, ವಿಷಯ ಕೋರ್ಟಿಗೂ ಹೋಯ್ತು, ಕೊನೆಗೆ ಇದು ಕಾಲ್ಪನಿಕ ಕಥೆ ಅಂತ ಹಾಕಿ ಪ್ರಸಾರ ಮಾಡಿದ್ರು. ಈಗ ಯೋಚ್ನೆ ಮಾಡಿ, ಟಿವಿ ಮುಂದೆ ಕೂತ ಏಳೆಂಟು ವರ್ಷದ ಹುಡುಗ ಆ ಅಕ್ಷರ ಯಾಕೆ ಓದ್ತಾನೆ? ಅವನಿಗೆ ಕುದುರೆ, ಕತ್ತಿ, ಫಿರಂಗಿ ಸಾಕು. ಅವನೇ ದೊಡ್ಡವನಾದ್ಮೇಲೆ 2015ರಲ್ಲಿ ಟಿಪ್ಪು ಜಯಂತಿ ಗಲಾಟೆ ಶುರುವಾದಾಗ, ತಲೇಲಿದ್ದ ಟಿಪ್ಪು ಪುಸ್ತಕದಿಂದ ಬಂದವನಾ ಸೀರಿಯಲಿಂದ ಬಂದವನಾ ಅಂತ ಅವನಿಗೇ ಗೊತ್ತಿರಲ್ಲ. ಅದಕ್ಕೇ ಬಾಲ್ಯದ ನೆನಪನ್ನ ಇತಿಹಾಸಕ್ಕೆ ಸಾಕ್ಷಿ ಅಂತ ಬರೀಬೇಡಿ, ಆ ಕಾಲದ ಜನ ಟಿವಿ ಹೇಗೆ ನೋಡ್ತಿದ್ರು ಅನ್ನೋದಕ್ಕೆ ಸಾಕ್ಷಿ ಅಂತ ಬರೀರಿ, ಆಗ ನಡಿಯುತ್ತೆ.

ಇನ್ನೊಂದು, ಇದನ್ನಂತೂ ಬಿಡ್ಲೇಬೇಡಿ. ಪ್ರಸಾರಕ್ಕೆ ಮುಂಚೆ, 1989ರ ಫೆಬ್ರವರಿ 8ಕ್ಕೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಶೂಟಿಂಗ್ ನಡೀತಿರ್ಬೇಕಾದ್ರೆ ಬೆಂಕಿ ಬಿತ್ತು, 62 ಜನ ಸತ್ರು. ಗೋಡೆಗೆಲ್ಲ ಗೋಣಿಚೀಲ, ಸಡಿಲ ವೈರಿಂಗ್, ಗಾಳಿ ಆಡೋಕೆ ಸರಿಯಾದ ದಾರಿನೂ ಇರಲಿಲ್ಲ. ಸಂಜಯ್ ಖಾನ್‌ಗೂ ಮೈಯೆಲ್ಲ ಸುಟ್ಟು, ತಿಂಗಳುಗಟ್ಟಲೆ ಆಸ್ಪತ್ರೆಲಿದ್ದು, 70ಕ್ಕೂ ಹೆಚ್ಚು ಸರ್ಜರಿ ಆಯ್ತು. ‘ಎಂಥ ಸೀರಿಯಲ್ ಗುರು ಅದು’ ಅನ್ನೋ ಮಾತಲ್ಲಿ ಅವನ ಹೆಸರು ಆದ್ರೂ ಬರುತ್ತೆ, ಆ 62 ಜನರದ್ದು ಬರಲ್ಲ. ವಿವಾದ ಅಂತ ಪ್ರಶ್ನೆ ಬಂದ್ರೆ ನಾವೂ ಬರೀ ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಎರಡು ಪೇಜ್ ತುಂಬಿಸಿ ಬರ್ತೀವಿ, ಸೆಟ್ಟಲ್ಲಿ ಸುರಕ್ಷತೆ ನೋಡ್ಕೋಬೇಕಾಗಿದ್ದವರು ಯಾರು ಅನ್ನೋದೂ ಅದೇ ಪ್ರಶ್ನೆಯ ಉತ್ತರ, ಅದಕ್ಕೂ ಒಂದು ಪ್ಯಾರಾ ಇಟ್ಕೊಳ್ಳಿ.