ಬಾದಾಮಿಗೆ ಎರಡು ರಾತ್ರಿ ಕೊಡಿ

"ಹಂಪಿಯಲ್ಲಿ ರೂಮ್ ಮಾಡಿಬಿಡಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ವಾಪಸ್ ಬರ್ತೀವಿ." ಚಳಿಗಾಲದ ಬುಕಿಂಗ್ ಶುರುವಾಯಿತೆಂದರೆ, ಪ್ರವಾಸ ಹೊಂದಿಸಿಕೊಡುವ ನಮ್ಮಂಥವರಿಗೆ ಫೋನಿನಲ್ಲಿ ಪದೇಪದೇ ಬರುವ ಬೇಡಿಕೆ ಇದು. ಹೋಗಿ ಬರಲು ಸಾಧ್ಯವೇ ಎಂದರೆ ಸಾಧ್ಯ. ಹಂಪಿಯಿಂದ ಬಾದಾಮಿಗೆ ಸುಮಾರು 140 ಕಿ.ಮೀ. ದಾರಿ, ಆದ್ದರಿಂದ ಹಗಲಿನ ಅರ್ಧ ಕಾರಿನಲ್ಲೇ ಕಳೆಯುತ್ತದೆ. ಉಳಿದರ್ಧದಲ್ಲಿ ಮೂರೂ ಊರಿನ ಗುಡಿಗಳ ಮುಂದೆ ಫೋಟೊ ತೆಗೆಸಿಕೊಂಡು, ಊಟದ ಹೊತ್ತು ಮೀರಿದ ಮೇಲೆ ಹೆದ್ದಾರಿಯ ಯಾವುದೋ ಢಾಬಾದಲ್ಲಿ ಫ್ರೈಡ್ ರೈಸ್ ತಿಂದು ಮರಳುವುದಾಗುತ್ತದೆ. ನಾನು ಅವರನ್ನು ಒಪ್ಪಿಸಲು ನೋಡುವುದು ಒಂದೇ ಮಾತಿಗೆ: ಬಾದಾಮಿಯಲ್ಲೇ ಎರಡು ರಾತ್ರಿ ಉಳಿಯಿರಿ. ಆ ಸೀಮೆಯಲ್ಲಿ ತಿನ್ನುವುದಕ್ಕೂ ಕೊಳ್ಳುವುದಕ್ಕೂ ಅದರದರ ಹೊತ್ತು ಇದೆ. ಎಷ್ಟೇ ಒಳ್ಳೆಯ ಜಾಗಗಳ ಪಟ್ಟಿ ಕೈಯಲ್ಲಿದ್ದರೂ ಹೊತ್ತು ತಪ್ಪಿದರೆ ಸಿಗುವುದು ಅಷ್ಟಕ್ಕಷ್ಟೆ.

ಉಳಿಯುವ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಚಾಲುಕ್ಯ ಹೋಟೆಲ್ ಇದೆ, ಖಾಸಗಿ ಹೋಟೆಲುಗಳೂ ಇವೆ, ಬಸ್ ನಿಲ್ದಾಣದ ಸುತ್ತ ಸಾದಾ ಲಾಡ್ಜುಗಳಿವೆ. ವಯಸ್ಸಾದವರಿದ್ದರೆ ಊರಿನ ಗದ್ದಲದಿಂದ ತುಸು ದೂರ, ನೆಲಮಹಡಿಯಲ್ಲಿ ರೂಮ್ ಕೇಳಿ. ರೈಲಿನಲ್ಲಿ ಬರುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ. ಸ್ಟೇಷನ್ನು ಊರಿನಿಂದ ಸುಮಾರು 5 ಕಿ.ಮೀ. ಹೊರಗಿದೆ, ಆಟೊ ಹಿಡಿಯಬೇಕು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ಮಾತ್ರ ಲೆಕ್ಕವೇ ಬೇರೆ, ಬಹಳ ಮುಂಚೆ ಬುಕ್ ಮಾಡದಿದ್ದರೆ ರೂಮ್ ಸಿಗುವುದಿಲ್ಲ. ಆದರೂ ಜಾತ್ರೆಯ ದಿನಗಳನ್ನು ತಪ್ಪಿಸಿ ಬನ್ನಿ ಎಂದು ನಾನು ಹೇಳುವುದಿಲ್ಲ. ಸಾಲಾಗಿ ಡೇರೆ ಹಾಕಿದ ನಾಟಕ ಕಂಪನಿಗಳನ್ನು, ಅವುಗಳ ಮುಂದೆ ನೆರೆದ ಜನರನ್ನು ಒಮ್ಮೆಯಾದರೂ ನೋಡಬೇಕು.

ಮೊದಲ ದಿನ ಸಂಜೆಯೊಳಗೆ ತಲುಪಿದರೆ ಸಾಕು. ಬ್ಯಾಗು ಇಟ್ಟು ಅಗಸ್ತ್ಯ ತೀರ್ಥದ ದಂಡೆಗೆ ನಡೆಯಿರಿ. ಕೆರೆಯ ಆ ತುದಿಗೆ ಭೂತನಾಥನ ಗುಡಿ, ಹಿಂದೆ ಕೆಂಪು ಬಂಡೆ. ಬರುವಾಗ ಪೇಟೆಯಲ್ಲಿ ಗಿರಮಿಟ್ ಕಟ್ಟಿಸಿಕೊಂಡು ಮಿರ್ಚಿ ಭಜಿಯ ಜೊತೆ ತಿನ್ನಿ. ಭಜಿ ಸಂಜೆಯಲ್ಲೇ ರುಚಿ, ಎಣ್ಣೆಯಿಂದ ಆಗಷ್ಟೇ ತೆಗೆದಿರುತ್ತಾರೆ. ಬೆಳಿಗ್ಗೆಯಾದರೆ ಚುರುಮುರಿ ಸೂಸಲಾ ಕೇಳಿ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ಗುಹೆಗಳ ಕಡೆ ಮಾತ್ರ ಹೋಗಬೇಡಿ. ಅಲ್ಲಿನ ಮಂಗಗಳು ಬಾಳೆಹಣ್ಣನ್ನಷ್ಟೇ ಅಲ್ಲ, ಚೀಲವನ್ನೇ ಎಳೆದುಕೊಂಡು ಹೋಗುತ್ತವೆ.

ಮರುದಿನ ಬಾಗಿಲು ತೆರೆಯುತ್ತಲೇ ಮೇಣಬಸದಿ, ಅಂದರೆ ಬಂಡೆಯಲ್ಲಿ ಕೊರೆದ ಗುಹಾಲಯಗಳನ್ನು ಹತ್ತಿ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ 578ನೇ ಇಸವಿಯ ಶಾಸನವಿದೆ. ಅಲ್ಲಿ ಅವಸರ ಮಾಡಬೇಡಿ, ಆದರೆ ಹನ್ನೆರಡರ ಹೊತ್ತಿಗೆ ಬನಶಂಕರಿಯಲ್ಲಿರಿ. ಬಾದಾಮಿಯಿಂದ 5 ಕಿ.ಮೀ. ಅಷ್ಟೆ.

ಬಾದಾಮಿ ಸೀಮೆಯಲ್ಲಿ ಎಲ್ಲಿ ಉಣ್ಣಬೇಕೆಂದು ಯಾರು ಕೇಳಿದರೂ ನಾನು ಮೊದಲು ಹೇಳುವ ಜಾಗ ಇದು. ಹೋಟೆಲ್ ಅಲ್ಲ, ಬೋರ್ಡ್ ಇಲ್ಲ, ಮೆನು ಇಲ್ಲ. ಗುಡಿಯ ಆವರಣದಲ್ಲಿ ಇಳಕಲ್ ಸೀರೆ ಉಟ್ಟ ಹೆಣ್ಣುಮಕ್ಕಳು ಬುಟ್ಟಿ ಹೊತ್ತು "ಊಟ ಮಾಡ್ತೀರೇನ್ರೀ, ರೊಟ್ಟಿ ಅದಾವ" ಎನ್ನುತ್ತ ಬರುತ್ತಾರೆ. ಹೂಂ ಅಂದರೆ ಅಲ್ಲೇ ನೆರಳಿಗೆ ಕೂತು ಬುಟ್ಟಿಯ ಮೇಲಿನ ಬಟ್ಟೆ ಸರಿಸುತ್ತಾರೆ. ಜೋಳದ ರೊಟ್ಟಿ, ವಡಿಯಂತೆ ಕೊಯ್ದ ಝುಣಕ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ. ರೊಟ್ಟಿಯ ಮೇಲೇ ಒಂದೊಂದನ್ನೂ ಬಡಿಸಿ, ಕೊನೆಗೆ ಪುಟ್ಟ ಮಣ್ಣಿನ ಕುಡಿಕೆಯಿಂದ ಗಟ್ಟಿ ಮೊಸರು ಸುರಿಯುತ್ತಾರೆ. ಮೊಸರನ್ನು ಕೆಂಪು ಖಾರದ ಜೊತೆ ಕಲಸಿ ರೊಟ್ಟಿ ಅದ್ದಿ ತಿನ್ನಿ. ಬೆಳಿಗ್ಗೆ ಅವರವರ ಮನೆಯಲ್ಲಿ ಬಡಿದು ಬೇಯಿಸಿದ ಅಡಿಗೆ, ಬುಟ್ಟಿ ಬರಿದಾದರೆ ಮುಗಿಯಿತು. ಮೂರು ಗಂಟೆಗೆ ಹೋದವರಿಗೆ ಒಣಗಿದ ರೊಟ್ಟಿ, ಅರ್ಧ ಪಲ್ಯ ಸಿಕ್ಕೀತು. ಕೂರುವ ಮೊದಲೇ ಬೆಲೆ ಕೇಳಿಕೊಳ್ಳಿ, ಆಮೇಲೆ ಚೌಕಾಸಿ ಬೇಡ. ಈ ಊಟಕ್ಕೆ ಅವರು ಕೇಳುವುದು ಕಡಿಮೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೂರಿನ ಕೆಳಗೆ ಕೂತೇ ಉಣ್ಣಬೇಕೆನ್ನುವವರಿಗೆ ಊರಿನಲ್ಲಿ ಖಾನಾವಳಿಗಳಿವೆ. ಅಲ್ಲಿಯೂ ಒಂದರಿಂದ ಎರಡರೊಳಗೆ ಹೋಗಿ "ಬಿಸಿ ರೊಟ್ಟಿ" ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಹೊರಗಿನವರೆಂದು ಚಪಾತಿ ಹಾಕಿಬಿಡುತ್ತಾರೆ. ಒಯ್ಯುವುದಕ್ಕೆ ಕಡಕ್ ರೊಟ್ಟಿ ಕೊಳ್ಳಿ, ತೇವ ತಗಲದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಅದೇ ಮಧ್ಯಾಹ್ನ ಗುಳೇದಗುಡ್ಡಕ್ಕೆ. ಕುಪ್ಪಸದ ಖಣ ನೇಯುವ ಊರು. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ ಎಂದು ಒಂದೊಂದು ವಿನ್ಯಾಸಕ್ಕೂ ಹೆಸರಿದೆ. ಓಣಿಯಲ್ಲಿ ಮಗ್ಗದ ಸದ್ದು ಕೇಳಿದ ಮನೆಯ ಬಾಗಿಲಲ್ಲಿ ನಿಂತು ನೋಡಬಹುದೇ ಎಂದು ಕೇಳಿ. ಖಣದ ಅಗಲ ಕಡಿಮೆ, ಕುರ್ತಾ ಹೊಲಿಸುವ ಆಸೆಯಿದ್ದರೆ ದರ್ಜಿಯನ್ನು ಕೇಳಿ ಅಳತೆ ಬರೆದುಕೊಂಡೇ ಬನ್ನಿ.

ಮೂರನೆಯ ಬೆಳಿಗ್ಗೆ ಬ್ಯಾಗು ಸಮೇತ ಹೊರಡುವುದು. ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು 13. ಪಟ್ಟದಕಲ್ಲು 1987ರಲ್ಲೇ ಯುನೆಸ್ಕೊ ಪಟ್ಟಿ ಸೇರಿದೆ, ಆದರೂ ಎರಡೂ ಕಡೆ ನೆಚ್ಚಿಕೊಳ್ಳುವಂಥ ಊಟದ ಜಾಗಗಳು ಕಡಿಮೆ. ನೀರು, ಹಣ್ಣು, ನಿನ್ನೆ ಕೊಂಡ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಾರಿನಲ್ಲಿರಲಿ. ಬಾದಾಮಿ ಮತ್ತು ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಅದನ್ನೂ ನೋಡಿಕೊಂಡು ದಿನ ಗೊತ್ತುಮಾಡಿ.

ಐಹೊಳೆಯಿಂದ ಇಳಕಲ್ ಕಡೆ ಹೊರಟರೆ ಅಮೀನಗಡ ಸಿಗುತ್ತದೆ. ಕರದಂಟಿನ ಊರು. ತಿನ್ನುವ ಮರದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಹುರಿದು, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳನ್ನು ಬೆಲ್ಲದ ಪಾಕಕ್ಕೆ ಹಾಕಿ ಮಾಡುತ್ತಾರೆ. ಒಂದು ತುಂಡು ಬಾಯಿಗೆ ಹಾಕಿ ನೋಡಿ. ಅಂಟು ಸರಿಯಾಗಿ ಅರಳಿದ್ದರೆ ಕರಕರ ಎನ್ನುತ್ತದೆ, ಹಸಿಯುಳಿದಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡರೆ ಮುಂದಿನ ಅಂಗಡಿಗೆ ಹೋಗಿ.

ಇಳಕಲ್ ಅನ್ನು ನಾಲ್ಕು ಗಂಟೆಯೊಳಗೆ ಮುಟ್ಟಬೇಕು, ಮಗ್ಗ ನಡೆಯುವಾಗಲೇ ನೋಡಬೇಕು. ಇಳಕಲ್ ಸೀರೆಯ ಗುಟ್ಟು ಕೊಂಡಿಯಲ್ಲಿದೆ. ಒಡಲಿನ ಹಾಸೇ (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಾಗಿ ಕೋದು ಮಗ್ಗಕ್ಕೆ ಏರಿಸುತ್ತಾರೆ. ಹಾಗಾಗಿ ಪ್ರತಿ ಸೀರೆಗೂ ಹಾಸು ಬೇರೆಯಾಗಿಯೇ ಸಿದ್ಧವಾಗಬೇಕು. ಕೊಳ್ಳುವಾಗ ಸೀರೆಯನ್ನು ತಿರುಗಿಸಿ, ಸೆರಗು ಒಡಲಿಗೆ ಕೂಡುವ ಗೆರೆಯನ್ನು ಕಣ್ಣಿಗೆ ಹತ್ತಿರ ಹಿಡಿಯಿರಿ. ಸಣ್ಣ ಸಣ್ಣ ಕುಣಿಕೆಗಳ ಸಾಲು ಅಡ್ಡಕ್ಕೆ ಕಂಡರೆ ಅದು ಕೊಂಡಿ. ಸೆರಗಿನ ಬಿಳಿ ವಿನ್ಯಾಸಗಳಲ್ಲಿ ಬಾಚಣಿಗೆಯ ಹಲ್ಲಿನಂಥದು ಹಣಿಗೆ, ಕೋಟೆಯ ತೆನೆಯಂಥದು ಕೋಟಿಕಮ್ಮಿ. ಒಡಲು ಹತ್ತಿಯೋ, ರೇಷ್ಮೆಯೋ, ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ಮಾರುವುದು ಕುಣಿ ಮಗ್ಗದಲ್ಲಿ ದಿನವಿಡೀ ಕಾಲಿಳಿಸಿ ಕೂತವರ ಅನ್ನಕ್ಕೆ ಕೈಹಾಕಿದಂತೆ. ನಮ್ಮ ವೃತ್ತಿಯವರೂ ಇದರಲ್ಲಿ ಕೈಜೋಡಿಸುವುದುಂಟು. ಡ್ರೈವರ್ ಒಂದೇ ಅಂಗಡಿಗೆ ಒತ್ತಾಯಿಸಿದರೆ ಅದರಲ್ಲಿ ಕಮಿಷನ್ ಇರಬಹುದೆಂದು ತಿಳಿದು, ಮೊದಲು ನೇಕಾರರ ಓಣಿಗೆ ಹೋಗೋಣ ಎನ್ನಿ.

ಸೀರೆ ಆರಿಸಲು ಒಂದೂವರೆ ತಾಸು ಇಟ್ಟುಕೊಂಡರೂ, ಇಳಕಲ್‌ನಿಂದ ಕುಷ್ಟಗಿ ಮೇಲೆ ಹೊಸಪೇಟೆಗೆ ನೇರ ಹೆದ್ದಾರಿಯಿದೆ. ರಾತ್ರಿ ಊಟದ ಹೊತ್ತಿಗೆ ತಲುಪುತ್ತೀರಿ. ಹಂಪಿಯ ರೂಮನ್ನು ಆ ರಾತ್ರಿಯಿಂದ ಬುಕ್ ಮಾಡಿ.