ಫೆಬ್ರವರಿ 28ಕ್ಕೆ ಎರಡು ಹೆಸರು

ಫೆಬ್ರವರಿ 28 ಬಂತೆಂದರೆ ನಮ್ಮ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನ. ಥರ್ಮಾಕೋಲಿನ ಜ್ವಾಲಾಮುಖಿ, ನಿಂಬೆಹಣ್ಣಿನ ಬ್ಯಾಟರಿ, ವೇದಿಕೆಯ ಮೇಲೆ ಸಿ.ವಿ. ರಾಮನ್ ಅವರ ಫೋಟೋ. ಅದೇ ದಿನ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಬೇರೊಂದು ಬ್ಯಾನರ್ ಕಟ್ಟಿರುತ್ತಾರೆ. ಅದು ಅಪರೂಪದ ಕಾಯಿಲೆಗಳ ದಿನ. ಒಂದು ನಮ್ಮ ದೇಶದ್ದು, ಇನ್ನೊಂದು ಇಡೀ ಜಗತ್ತಿನದು. ಶಾಲೆಯವರಿಗೆ ಆಸ್ಪತ್ರೆಯ ಕಾರ್ಯಕ್ರಮ ಗೊತ್ತಿರುವುದಿಲ್ಲ, ಆಸ್ಪತ್ರೆಯವರಿಗೆ ಶಾಲೆಯದು ನೆನಪಿರುವುದಿಲ್ಲ.

ಇನ್ನೂ ಒಂದು ವಿಶೇಷವಿದೆ. ಈ ಎರಡು ದಿನಗಳು ಯಾವಾಗಲೂ ಜೊತೆಗಿರುವುದಿಲ್ಲ. 2024ರಲ್ಲಿ ವಿಜ್ಞಾನ ದಿನ 28ಕ್ಕೇ ಇತ್ತು, ಕಾಯಿಲೆಗಳ ದಿನ ಮಾತ್ರ 29ಕ್ಕೆ ಹೋಯಿತು. 2025ರಲ್ಲಿ ಮತ್ತೆ ಎರಡೂ 28ಕ್ಕೇ ಬಂದವು.

ಒಂದೇ ತಾರೀಕಿಗೆ ಎರಡು ಆಚರಣೆ ಬರುವುದು ದೊಡ್ಡ ಅಚ್ಚರಿಯೇನಲ್ಲ. ಒಂದು ಕೋಣೆಯಲ್ಲಿ ಸುಮ್ನೆ 23 ಜನ ಸೇರಿದರೆ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 23 ಜನರಲ್ಲಿ 253 ಜೋಡಿಗಳಿರುತ್ತವೆ, ಅದೇ ಕಾರಣ. ವಿಶ್ವಸಂಸ್ಥೆಯ ಪಟ್ಟಿಯಲ್ಲೇ ಇನ್ನೂರಕ್ಕಿಂತ ಹೆಚ್ಚು ಅಂತರರಾಷ್ಟ್ರೀಯ ದಿನಗಳಿವೆ. ಅದರ ಮೇಲೆ ಪ್ರತಿ ದೇಶದ್ದೂ ಬೇರೆ. ಒಂದರ ಮೇಲೊಂದು ಬೀಳದೆ ಇದ್ದಿದ್ದರೆ ಅದೇ ಅಚ್ಚರಿ.

ಕೆಲವು ಜೋಡಿಗಳು ಬೇಕೆಂದೇ ಕೂಡಿಸಿದವು. ಗಾಂಧಿ ಜಯಂತಿಯ ದಿನವನ್ನೇ ವಿಶ್ವಸಂಸ್ಥೆ 2007ರಲ್ಲಿ ಅಂತರರಾಷ್ಟ್ರೀಯ ಅಹಿಂಸಾ ದಿನವೆಂದು ಕರೆಯಿತು. ಕನ್ನಡ ರಾಜ್ಯೋತ್ಸವ ಮತ್ತು ಕೇರಳ ಪಿರವಿ ಒಂದೇ ದಿನ ಬರುವುದಕ್ಕೆ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಕಾರಣ. ಇನ್ನು ಕೆಲವು ಬರೀ ಕಾಕತಾಳೀಯ. ನೆಹರೂ ಹುಟ್ಟಿದ್ದು ನವೆಂಬರ್ 14ಕ್ಕೆ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ತಾರೀಕಿಗೆ. ಹಾಗಾಗಿ ನಮ್ಮ ಮಕ್ಕಳ ದಿನವೇ ವಿಶ್ವ ಮಧುಮೇಹ ದಿನವೂ ಹೌದು.

ಫೆಬ್ರವರಿ 28ರ ಜೋಡಿ ಇವೆರಡು ಗುಂಪಿಗೂ ಸೇರುವುದಿಲ್ಲ. ಇದನ್ನು ಕೂಡಿಸುವುದೂ ಬೇರೆ ಮಾಡುವುದೂ ಭೂಮಿಯ ಸುತ್ತಾಟ.

ಅಪರೂಪದ ಕಾಯಿಲೆಗಳ ದಿನವನ್ನು ಮೊದಲು ಆಚರಿಸಿದ್ದು 2008ರ ಫೆಬ್ರವರಿ 29ರಂದು. ಯುರೋಪಿನ ರೋಗಿಗಳ ಸಂಘಟನೆಗಳ ಒಕ್ಕೂಟ ಯೂರಾರ್ಡಿಸ್ ಇದನ್ನು ಶುರು ಮಾಡಿತು. ಅಪರೂಪದ ಕಾಯಿಲೆಗೆ ಕ್ಯಾಲೆಂಡರಿನ ಅತಿ ಅಪರೂಪದ ದಿನವೇ ಇರಲಿ ಎಂದು 29ನ್ನು ಆರಿಸಿಕೊಂಡರು. ಆದರೆ ಆ ತಾರೀಕು ಪ್ರತಿ ವರ್ಷ ಸಿಗುವುದಿಲ್ಲವಲ್ಲ? ಅದಕ್ಕೆ 'ಫೆಬ್ರವರಿಯ ಕೊನೆಯ ದಿನ' ಎಂದು ಇಟ್ಟುಕೊಂಡರು. ಅಧಿಕ ವರ್ಷವಾದರೆ 29, ಉಳಿದಂತೆ 28.

ಈ ಹೆಚ್ಚುವರಿ ದಿನ ಯಾಕೆ ಬೇಕು? ಒಂದು ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ, ಅಂದರೆ ಋತುಗಳ ಒಂದು ಸುತ್ತು ಮುಗಿಯಲು, 365 ದಿನ 5 ಗಂಟೆ 48 ನಿಮಿಷ 45 ಸೆಕೆಂಡ್ ಬೇಕು. ಬರೀ 365 ದಿನ ಎಣಿಸುತ್ತಾ ಹೋದರೆ ನಾಲ್ಕು ವರ್ಷಕ್ಕೆ ಹತ್ತಿರಹತ್ತಿರ ಒಂದು ದಿನ ಬಾಕಿ ಉಳಿಯುತ್ತದೆ. ಅದನ್ನು ಫೆಬ್ರವರಿಗೆ ಸೇರಿಸುತ್ತಾರೆ. ಹಳೆಯ ರೋಮಿನಲ್ಲಿ ವರ್ಷ ಮಾರ್ಚಿನಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತಿತ್ತು, ಲೆಕ್ಕ ಸರಿ ಮಾಡುವ ಕೆಲಸ ಕೊನೆಯ ತಿಂಗಳಿಗೆ ಬಿತ್ತು. ನಮ್ಮ ಚಾಂದ್ರಮಾನ ಪಂಚಾಂಗದ ಬಾಕಿ ಇನ್ನೂ ದೊಡ್ಡದು, ವರ್ಷಕ್ಕೆ ಸುಮಾರು 11 ದಿನ. ಅದಕ್ಕೇ ನಾವು ಸುಮಾರು ಎರಡೂವರೆ, ಮೂರು ವರ್ಷಕ್ಕೊಮ್ಮೆ ಇಡೀ ಅಧಿಕಮಾಸವನ್ನೇ ಸೇರಿಸುತ್ತೇವೆ.

ನಾಲ್ಕು ವರ್ಷಕ್ಕೆ ಒಂದು ದಿನ ಕೊಟ್ಟರೆ ಸ್ವಲ್ಪ ಜಾಸ್ತಿಯೇ ಕೊಟ್ಟಂತೆ. ವರ್ಷಕ್ಕೆ 11 ನಿಮಿಷ ಚಿಲ್ಲರೆ ಹೆಚ್ಚಾಗುತ್ತದೆ, 128 ವರ್ಷಕ್ಕೆ ಒಂದು ದಿನವೇ ಆಗುತ್ತದೆ. 1582ರ ಹೊತ್ತಿಗೆ ಯುರೋಪಿನಲ್ಲಿ ಇದು ಎಷ್ಟು ಬೆಳೆದಿತ್ತೆಂದರೆ ಅಕ್ಟೋಬರ್ 4ರ ಮರುದಿನವನ್ನು ನೇರವಾಗಿ ಅಕ್ಟೋಬರ್ 15 ಎಂದು ಕರೆಯಬೇಕಾಯಿತು. ಆಗ ಬಂದ ನಿಯಮವೇ ಇಂದಿಗೂ ಇದೆ: 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ 400ರಿಂದ ಭಾಗವಾದರೆ ಹೌದು. ಆ ಲೆಕ್ಕದಲ್ಲಿ 400 ವರ್ಷಗಳಲ್ಲಿ 97 ಅಧಿಕ ವರ್ಷಗಳು, 303 ಸಾಮಾನ್ಯ ವರ್ಷಗಳು. ಅಂದರೆ 400ರಲ್ಲಿ 303 ಸಲ ವಿಜ್ಞಾನ ದಿನ ಮತ್ತು ಅಪರೂಪದ ಕಾಯಿಲೆಗಳ ದಿನ ಒಟ್ಟಿಗೆ ಬರಬೇಕು. 2100 ಅಧಿಕ ವರ್ಷವಲ್ಲವಾದ್ದರಿಂದ 2097ರಿಂದ 2103ರವರೆಗೆ ಏಳು ವರ್ಷ ಎರಡೂ ಸತತವಾಗಿ ಜೊತೆಗೇ ಇರುತ್ತವೆ.

ತಾರೀಕಿನ ಲೆಕ್ಕ ಇಷ್ಟೇ. ಆದರೆ ಈ ಎರಡು ದಿನಗಳಿಗೆ ತಾರೀಕನ್ನು ಮೀರಿದ ನಂಟೊಂದಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದನ್ನು ಹೇಳಬೇಕಾದರೆ ರಾಮನ್ ಅವರ ಪ್ರಯೋಗಶಾಲೆಗೆ ಹೋಗಬೇಕು.

1921ರಲ್ಲಿ ರಾಮನ್ ಇಂಗ್ಲೆಂಡಿನಿಂದ ನರ್ಕುಂಡಾ ಎಂಬ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಕಣ್ಣಿಗೆ ಬಿತ್ತು. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಫಲನ ಎಂಬುದು ಆಗಿನ ನಂಬಿಕೆ. ರಾಮನ್ ಜೊತೆಯಲ್ಲಿದ್ದ ಪುಟ್ಟ ಪಟ್ಟಕದಿಂದ ಆ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರಿಗೆ ಖಾತ್ರಿಯಾಯಿತು. ಕಲ್ಕತ್ತಾಗೆ ಬಂದವರೇ ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬ ಕೆಲಸಕ್ಕೆ ಕೈಹಾಕಿದರು.

ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದಲ್ಲಿ ನಡೆದ ಪ್ರಯೋಗದ ಉಪಾಯ ಬಹಳ ಸರಳ. ಕಿಟಕಿಯಿಂದ ಬರುವ ಬಿಸಿಲಿಗೆ ನೇರಳೆ ಬಣ್ಣದ ಗಾಜು ಅಡ್ಡ ಹಿಡಿಯುತ್ತಾರೆ. ನೇರಳೆ ಬೆಳಕು ಮಾತ್ರ ದ್ರವದೊಳಗೆ ಹೋಗುತ್ತದೆ. ದ್ರವದಿಂದ ಚದುರಿ ಬರುವ ಬೆಳಕನ್ನು ಪಕ್ಕದಿಂದ, ಹಸಿರು ಗಾಜಿನ ಮೂಲಕ ನೋಡುತ್ತಾರೆ. ಹಸಿರು ಗಾಜು ನೇರಳೆಯನ್ನು ಬಿಡುವುದಿಲ್ಲ. ಬೆಳಕು ಬಣ್ಣ ಬದಲಿಸದಿದ್ದರೆ ಬರೀ ಕತ್ತಲೆ ಕಾಣಬೇಕು. ಆದರೆ ಅಲ್ಲಿ ಮಂದವಾದ ಹಸಿರು ಗೆರೆಯೊಂದು ಕಂಡಿತು.

1923ರಲ್ಲೇ ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಇಂಥ ಮಂದ ಬೆಳಕನ್ನು ಕಂಡಿದ್ದರು. ದ್ರವದಲ್ಲಿ ಏನೋ ಕಲ್ಮಶ ಇರಬೇಕು, ಅದು ಹೊಳೆಯುತ್ತಿದೆ ಎಂದುಕೊಂಡರು. ದ್ರವವನ್ನು ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ನಂತರ ಎಸ್. ವೆಂಕಟೇಶ್ವರನ್ ಅತಿ ಶುದ್ಧ ಗ್ಲಿಸರಿನ್‌ನಲ್ಲಿ ಅದನ್ನೇ ಕಂಡರು, ಜೊತೆಗೆ ಆ ಬೆಳಕು ಧ್ರುವೀಕರಣಗೊಂಡಿದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿವೆ ಎಂಬುದನ್ನೂ ಗಮನಿಸಿದರು. ಕಲ್ಮಶದ ಹೊಳಪು ಹಾಗಿರುವುದಿಲ್ಲ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಸುಮಾರು ಅರವತ್ತು ದ್ರವಗಳನ್ನು ಪರೀಕ್ಷೆ ಮಾಡಿದರು. ಎಲ್ಲದರಲ್ಲೂ ಅದು ಇತ್ತು. 1928ರ ಫೆಬ್ರವರಿ 28ರಂದು ಬದಲಾದ ಬೆಳಕನ್ನು ಮೂಲ ಬೆಳಕಿನಿಂದ ಬೇರೆಯಾಗಿಯೇ ಕಂಡರು. ಮಾರ್ಚ್ 16ಕ್ಕೆ ರಾಮನ್ ಬೆಂಗಳೂರಿಗೆ ಬಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಇದನ್ನು ವಿವರವಾಗಿ ಮಂಡಿಸಿದರು. 1930ರಲ್ಲಿ ನೊಬೆಲ್ ಬಂತು. 1987ರಿಂದ ಆ ತಾರೀಕು ನಮ್ಮ ರಾಷ್ಟ್ರೀಯ ವಿಜ್ಞಾನ ದಿನ.

ಆ ಹಸಿರು ಗೆರೆ ಅಷ್ಟು ಮಂದವಾಗಿದ್ದಕ್ಕೆ ಕಾರಣವಿದೆ. ಬೆಳಕು ಅಣುವಿಗೆ ತಾಗಿ ಚದುರಿದಾಗ ಬಹುಪಾಲು ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು ಬಂದ ಬಣ್ಣದಲ್ಲೇ ಹೊರಡುತ್ತವೆ. ಕೋಟಿಗೆ ಒಂದರಂತೆ ಯಾವುದೋ ಫೋಟಾನ್ ಮಾತ್ರ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿನ ಕಂಪನಕ್ಕೆ ಕೊಟ್ಟು, ಬೇರೆ ಬಣ್ಣವಾಗಿ ಹೊರಬರುತ್ತದೆ. ಇದೇ ರಾಮನ್ ಪರಿಣಾಮ. ಎಷ್ಟು ಕೊಟ್ಟಿತು ಎಂಬುದು ಒಂದೊಂದು ಅಣುವಿಗೂ ಬೇರೆ ಬೇರೆ. ಹಾಗಾಗಿ ಆ ಬಣ್ಣವನ್ನು ಅಳೆದರೆ ಅಣು ಯಾವುದೆಂದು ಹೇಳಬಹುದು. ಉಳಿದ ಕೋಟಿ ಫೋಟಾನ್‌ಗಳು ಅಣುವಿನ ಬಗ್ಗೆ ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಕೋಟಿಗೆ ಒಂದು ಎಂದು ಅದನ್ನು ಬಿಟ್ಟಿದ್ದರೆ, ಕಲ್ಮಶ ಎಂದು ತಳ್ಳಿಹಾಕಿದ್ದರೆ, ಇವತ್ತು ಈ ವಿಜ್ಞಾನ ದಿನವೇ ಇರುತ್ತಿರಲಿಲ್ಲ.

ಅಪರೂಪದ ಕಾಯಿಲೆಯವರ ಕಥೆಯಲ್ಲೂ ಇದೇ ಇದೆ. ಅವರನ್ನು ಮೊದಲು 'ಏನೂ ಇಲ್ಲ' ಎನ್ನುತ್ತಾರೆ. ಆಮೇಲೆ 'ಬೇರೆ ಏನೋ' ಎನ್ನುತ್ತಾರೆ. ಯುರೋಪಿನಲ್ಲೇ ಸರಿಯಾದ ಹೆಸರು ಸಿಗಲು ಸರಾಸರಿ ಸುಮಾರು ಐದು ವರ್ಷ ಬೇಕಾಗುತ್ತದೆ. ಅಲ್ಲಿನ ಲೆಕ್ಕದಲ್ಲಿ ಹತ್ತು ಸಾವಿರ ಜನರಲ್ಲಿ ಐದಕ್ಕಿಂತ ಹೆಚ್ಚು ಮಂದಿಗೆ ಬಾರದ್ದು ಅಪರೂಪದ ಕಾಯಿಲೆ. ಇಂಥವು ಆರು ಸಾವಿರಕ್ಕಿಂತ ಹೆಚ್ಚಿವೆ. ಮುಕ್ಕಾಲು ಪಾಲಿನಷ್ಟು ವಂಶವಾಹಿಯ ದೋಷದಿಂದ ಬರುವಂಥವು, ಅವುಗಳಲ್ಲಿ ಹೆಚ್ಚಿನವು ಚಿಕ್ಕ ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತವೆ. ಒಂದೊಂದೂ ಅಪರೂಪ, ಒಟ್ಟು ಸೇರಿಸಿದರೆ ಜಗತ್ತಿನಲ್ಲಿ ಸುಮಾರು 30 ಕೋಟಿ ಜನ. ನಮ್ಮಂಥ ದೇಶದಲ್ಲಿ ಅಪರೂಪ ಎಂಬುದಕ್ಕೆ ಅರ್ಥವೇ ಬೇರೆ. ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ ಎಂದರೂ 140 ಕೋಟಿ ಜನರಲ್ಲಿ 14 ಸಾವಿರ ಮಂದಿ ಆಗುತ್ತಾರೆ.

ಎರಡು ದಿನಗಳೂ ನೇರವಾಗಿ ಕೈಕುಲುಕುವ ಒಂದು ಜಾಗವಿದೆ. ಅದು ಕಿಡ್ನಿಯ ಕಲ್ಲು. ಎಪಿಆರ್‌ಟಿ ಕೊರತೆ ಎಂಬ ಒಂದು ಅಪರೂಪದ ವಂಶವಾಹಿ ಕಾಯಿಲೆ ಇದೆ. ಅಡೆನಿನ್ ಎಂಬ ವಸ್ತುವನ್ನು ದೇಹ ಮರುಬಳಕೆ ಮಾಡಲು ಬೇಕಾದ ಕಿಣ್ವ ಇವರಲ್ಲಿ ಕೆಲಸ ಮಾಡುವುದಿಲ್ಲ. ಅಡೆನಿನ್ ಬೇರೆ ರೂಪಕ್ಕೆ ತಿರುಗಿ, ಮೂತ್ರದಲ್ಲಿ ಕರಗದೆ, ಹರಳುಗಟ್ಟುತ್ತದೆ. ಈ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಯೂರಿಕ್ ಆಮ್ಲದ ಕಲ್ಲೂ ಹಾಗೆಯೇ. ಮಾಮೂಲಿ ರಾಸಾಯನಿಕ ಪರೀಕ್ಷೆಯೂ ಇದನ್ನು ಯೂರಿಕ್ ಆಮ್ಲವೆಂದೇ ಹೇಳಿಬಿಡಬಹುದು. ಕಲ್ಲು ತೆಗೆಸಿಕೊಂಡು ಮನೆಗೆ ಹೋಗುತ್ತಾರೆ, ಮತ್ತೆ ಕಲ್ಲು ಬರುತ್ತದೆ. ಕೊನೆಗೆ ಕಿಡ್ನಿಯೇ ಕೈಕೊಡಬಹುದು. ಕಸಿ ಮಾಡಿದ ಹೊಸ ಕಿಡ್ನಿಯಲ್ಲೂ ಅದೇ ಹರಳು ತುಂಬಿಕೊಳ್ಳಬಹುದು.

ಆ ಕಲ್ಲಿನ ಚೂರನ್ನು ಇನ್‌ಫ್ರಾರೆಡ್ ಅಥವಾ ರಾಮನ್ ಪರೀಕ್ಷೆಗೆ ಹಾಕಿದರೆ ಗೊಂದಲವೇ ಉಳಿಯುವುದಿಲ್ಲ. ಎರಡೂ ಅಣುವಿನ ಕಂಪನವನ್ನೇ ಓದುತ್ತವೆ. ಯೂರಿಕ್ ಆಮ್ಲದ ಗೆರೆಗಳೇ ಬೇರೆ, ಇದರ ಗೆರೆಗಳೇ ಬೇರೆ. ಒಮ್ಮೆ ಗೊತ್ತಾದರೆ ಮದ್ದು ಇದೆ. ಅಲೋಪ್ಯೂರಿನಾಲ್, ಗೌಟ್ ಎಂಬ ಕೀಲುನೋವಿಗೆ ದಶಕಗಳಿಂದ ಕೊಡುತ್ತಿರುವ ಮಾತ್ರೆ. ದುಬಾರಿಯೂ ಅಲ್ಲ. ತೆಗೆದ ಕಲ್ಲನ್ನು ಬಿಸಾಡದೆ ಪರೀಕ್ಷೆಗೆ ಕಳಿಸಿ ಎಂದು ವೈದ್ಯರನ್ನು ಕೇಳುವುದು ಪ್ರತಿ ರೋಗಿಯ ಹಕ್ಕು. ಅದರಲ್ಲೂ ಮಕ್ಕಳಿಗೆ ಕಲ್ಲಾದರೆ, ಪದೇ ಪದೇ ಕಲ್ಲಾದರೆ, ಖಂಡಿತ ಕೇಳಬೇಕು.

ಎಲ್ಲ ಕಾಯಿಲೆಗಳಿಗೂ ಇಂಥ ಸುಲಭದ ಮಾತ್ರೆ ಇಲ್ಲ. ನಮ್ಮ ಮಲೆನಾಡಿನದೇ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ ವಿಚಿತ್ರ ಕಾಯಿಲೆಯೊಂದು ಗಮನಕ್ಕೆ ಬಂತು. ಸೊಂಟ, ಮಂಡಿ ನೋವು. ಕೀಲುಗಳು ಸವೆದು ನಡೆಯುವುದೇ ಕಷ್ಟ. ಕೆಲವರು ಗಿಡ್ಡವಾಗಿಯೇ ಉಳಿದರು, ಕೆಲವರು ತೆವಳುವ ಸ್ಥಿತಿಗೆ ಬಂದರು. ಬಡ ದಲಿತ ಕುಟುಂಬಗಳಲ್ಲಿ ಇದು ಕಾಣಿಸಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಮೈಸೇರಿರಬೇಕು ಎಂದು ಮೊದಲು ಅನುಮಾನ ಪಟ್ಟರು. ಗದ್ದೆಯ ಏಡಿ ಅವರ ಊಟದಲ್ಲಿತ್ತು, ಹಾಗಾಗಿ ಆ ಅನುಮಾನ ಸಹಜವೇ. ಆಮೇಲೆ ಮನೆತನಗಳ ಇತಿಹಾಸ ಹಿಡಿದು ನೋಡಿದಾಗ ಇದು ವಂಶವಾಹಿಯಿಂದ ಬರುವ ಮೂಳೆಯ ಕಾಯಿಲೆ ಎಂಬುದು ಗೊತ್ತಾಯಿತು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಜಗತ್ತಿನ ವೈದ್ಯಕೀಯ ಬರಹಗಳಲ್ಲಿ ಇದಕ್ಕೆ ಹಂದಿಗೋಡು ಎಂಬ ಹೆಸರೇ ಇದೆ. ಮಲೆನಾಡಿನ ಒಂದು ಹಳ್ಳಿಯ ಹೆಸರು ಹೀಗೆ ಉಳಿದುಕೊಂಡಿದ್ದು ನೋವಿನ ಸಂಗತಿ. ಅಲ್ಲಿನವರಿಗೆ ಬೇಕಾಗಿರುವುದು ಕಾಯಂ ಪಿಂಚಣಿ, ಕೀಲಿನ ಶಸ್ತ್ರಚಿಕಿತ್ಸೆ, ಮದುವೆಗೆ ಮುಂಚೆ ಸಮಾಧಾನವಾಗಿ ಕೂತು ವಿವರಿಸುವ ಒಬ್ಬ ಸಲಹೆಗಾರ.

2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳಿಗೆ ರಾಷ್ಟ್ರೀಯ ನೀತಿ ತಂದಿತು. ಗುರುತಿಸಿದ ಕೇಂದ್ರಗಳಲ್ಲಿ ಚಿಕಿತ್ಸೆಗೆ ಒಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಇಂಥ ಒಂದು ಕೇಂದ್ರವಾಗಿವೆ. ಇದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ದೇಹದಲ್ಲಿ ಒಂದು ಕಿಣ್ವದ ಕೊರತೆಯಿಂದ ಬರುವ ಗೋಶೆ, ಪಾಂಪೆಯಂಥ ಕಾಯಿಲೆಗಳಿಗೆ ಹೊರಗಿನಿಂದ ಕಿಣ್ವವನ್ನು ಜೀವನಪೂರ್ತಿ ಕೊಡುತ್ತಲೇ ಇರಬೇಕು. ಮಗುವಿನ ತೂಕ ಹೆಚ್ಚಿದಂತೆ ಡೋಸ್ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ. ಜೀವನಪೂರ್ತಿ ಬೇಕಾದ ಔಷಧಕ್ಕೆ ಒಂದು ಮೊತ್ತದ ಮಿತಿ ಹಾಕಿದರೆ, ಆ ಹಣ ಮುಗಿದ ಮರುದಿನ ಮಗು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಇಲ್ಲದೆ ನೀತಿ ಪೂರ್ತಿಯಾಗುವುದಿಲ್ಲ.

ಶಾಲೆಯ ಮಕ್ಕಳಿಗೆ ಇದನ್ನೆಲ್ಲ ಹೇಳಬಾರದೇ? ಖಂಡಿತ ಹೇಳಬಹುದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮ ರೋಗ (ಹಿಮೋಫಿಲಿಯಾ) ಯಾಕೆ ಹೆಚ್ಚಾಗಿ ಗಂಡುಮಕ್ಕಳಲ್ಲೇ ಕಾಣುತ್ತದೆ ಎಂಬುದು ಹತ್ತನೇ ತರಗತಿಯ ಹುಡುಗಿಗೆ ಅರ್ಥವಾಗುವ ಪಾಠ. ಬಣ್ಣದ ಎರಡು ಗಾಜುಗಳಲ್ಲಿ ಒಂದು ಇನ್ನೊಂದರ ಬೆಳಕನ್ನು ಹೇಗೆ ತಡೆಯುತ್ತದೆ ಎಂಬುದನ್ನು ಬಿಸಿಲಿನಲ್ಲಿ ಹಿಡಿದೇ ತೋರಿಸಬಹುದು. ಎರಡನ್ನೂ ಒಂದೇ ವೇದಿಕೆಯ ಮೇಲೆ ಇಡುವುದಕ್ಕೆ ಕ್ಯಾಲೆಂಡರೇ ಅವಕಾಶ ಕೊಟ್ಟಿದೆ.

ಅದಕ್ಕೆ ಒಳ್ಳೆಯ ಸಮಯವೂ ಬರುತ್ತಿದೆ. 1928 ಅಧಿಕ ವರ್ಷವಾಗಿತ್ತು. ರಾಮನ್ ಅವರ ಸುದ್ದಿಯನ್ನು ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ ಹೊರಡಿಸಿದ್ದು ಮರುದಿನ, ಫೆಬ್ರವರಿ 29ಕ್ಕೆ. ರಾಮನ್ ಪರಿಣಾಮಕ್ಕೆ ನೂರು ತುಂಬುವ 2028 ಕೂಡ ಅಧಿಕ ವರ್ಷವೇ. ಫೆಬ್ರವರಿ 28 ಸೋಮವಾರ, ವಿಜ್ಞಾನ ದಿನ. 29 ಮಂಗಳವಾರ, ಅಪರೂಪದ ಕಾಯಿಲೆಗಳ ದಿನ. ಎರಡೂ ಶಾಲೆ ಇರುವ ದಿನಗಳು. ಸೋಮವಾರ ಬೆಳಕಿನ ಪ್ರಯೋಗ ಮಾಡಿಸಿ, ಮಂಗಳವಾರ ಹತ್ತಿರದ ಆಸ್ಪತ್ರೆಯಿಂದ ಒಬ್ಬ ಮಕ್ಕಳ ವೈದ್ಯರನ್ನು ಕರೆಸಿ ಮಕ್ಕಳ ಮುಂದೆ ಕೂರಿಸಬಹುದು. ಶಿಕ್ಷಕರು ಈಗಿನಿಂದಲೇ ಕೇಳಿಟ್ಟರೆ ಇಲ್ಲ ಎನ್ನುವ ವೈದ್ಯರು ಕಡಿಮೆ.